ಕೋಳಿ, ನಾಯಿ, ಬೆಕ್ಕು ಮೂರಕ್ಕೂ ಉಣ್ಣೆ: ಒಂದೇ ಔಷಧಿ ಸಾಕೇ?

ಪ್ರಶ್ನೆ: ತೋಟದಮನೆ (ತಿಪಟೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನಲ್ಲಿ ಹತ್ತಿಪ್ಪತ್ತು ನಾಟಿ ಕೋಳಿಗಳಿವೆ; ಮನೆಯಲ್ಲಿ ಒಂದು ನಾಯಿ ಮತ್ತು ಒಂದು ಬೆಕ್ಕು ಇವೆ. ಬಿಸಿಲು ಏರತೊಡಗಿದ ಮೇಲೆ ನಾಯಿಯ ಕಿವಿಯೊಳಗೂ ಕಾಲ್ಬೆರಳುಗಳ ಸಂದಿನಲ್ಲೂ ಉಣ್ಣೆಗಳು ಕಾಣಿಸಿಕೊಂಡಿವೆ. ಅದೇ ಹೊತ್ತಿಗೆ ಕೋಳಿಗಳ ಜುಟ್ಟು ಬಿಳಿಚಿಕೊಂಡಿದೆ, ಮೊಟ್ಟೆ ಕಡಿಮೆಯಾಗಿದೆ, ಸಂಜೆಯಾದರೆ ಗೂಡಿಗೆ ಹೋಗದೆ ಹಲಸಿನ ಮರ ಹತ್ತುತ್ತಿವೆ. ಹಗಲಿನಲ್ಲಿ ಹಿಡಿದು ನೋಡಿದರೆ ರೆಕ್ಕೆಯ ಕೆಳಗೆ ರಾಗಿ ಕಾಳಿನಷ್ಟು ದಪ್ಪದ, ನೀಲಿಗಪ್ಪು ಬಣ್ಣದ ಹುಳುಗಳು ಕಚ್ಚಿಕೊಂಡಿರುವುದನ್ನು ಬಿಟ್ಟರೆ ದೊಡ್ಡ ಉಣ್ಣೆ ಒಂದೂ ಸಿಗುವುದಿಲ್ಲ. ನಾಯಿಗೆಂದು ತಂದ, ನೀರಿಗೆ ಬೆರೆಸಿ ಹಚ್ಚುವ ಡೆಲ್ಟಾಮೆಥ್ರಿನ್ ಮನೆಯಲ್ಲಿದೆ. ಅದನ್ನೇ ಕೋಳಿಗಳಿಗೂ ಬೆಕ್ಕಿಗೂ ಹಚ್ಚಬಹುದೇ? ನಾಯಿಯಿಂದಲೇ ಕೋಳಿಗಳಿಗೆ ಹತ್ತಿರಬಹುದೇ? ಮೊಟ್ಟೆಗಳನ್ನು ಮಕ್ಕಳು ತಿನ್ನುವುದರಿಂದ ವಿಚಾರಿಸದೆ ಏನನ್ನೂ ಮಾಡಿಲ್ಲ.

ಉತ್ತರ: ನಿವೃತ್ತ ಪಶುವೈದ್ಯ

ವಿಚಾರಿಸಿದ್ದು ಒಳ್ಳೆಯದಾಯಿತು. ದಯವಿಟ್ಟು ಆ ಔಷಧಿಯನ್ನು ಬೆಕ್ಕಿನ ಹತ್ತಿರವೂ ತರಬೇಡಿ. ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್‌ನಂತಹ ಔಷಧಿಗಳನ್ನು ನಾಯಿಯ ಶರೀರ ಅರಗಿಸಿಕೊಳ್ಳುತ್ತದೆ, ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಬಹಳ ಕಡಿಮೆ. ನಡುಕ, ಸೆಳೆತ ಬಂದು ಬೆಕ್ಕು ಸಾಯುವುದೂ ಉಂಟು. ನಾಯಿಗೆ ಹಚ್ಚಿದ ದಿನ ಅದರ ಮೈ ಪೂರ್ತಿ ಒಣಗುವವರೆಗೆ ಬೆಕ್ಕನ್ನು ದೂರವಿಡಬೇಕು.

ನಾಯಿಯಿಂದ ಕೋಳಿಗೆ ಬಂದಿರುವ ಸಾಧ್ಯತೆ ಕಡಿಮೆ. ನಾಯಿಯ ಮೇಲಿರುವುದು ಕಂದು ಬಣ್ಣದ ನಾಯಿ ಉಣ್ಣೆ ಇರಬೇಕು. ಅದು ಮರಿಯಿಂದ ಮುಪ್ಪಿನವರೆಗೂ ಹೆಚ್ಚಾಗಿ ನಾಯಿಯನ್ನೇ ನಂಬಿ ಬದುಕುತ್ತದೆ. ಕೋಳಿ ಉಣ್ಣೆಯ ಜಾತಿ ಬೇರೆ, ನಡತೆಯೂ ಬೇರೆ. ಬೆಳೆದ ಕೋಳಿ ಉಣ್ಣೆ ಹಗಲೆಲ್ಲ ಗೂಡಿನ ಬಿರುಕು, ಬಿದಿರಿನ ಗಂಟು, ಹಲಗೆಯ ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರಿ ಮತ್ತೆ ಅಲ್ಲಿಗೇ ಹಿಂದಿರುಗುತ್ತದೆ. ಅದಕ್ಕೇ ನಿಮಗೆ ಹಗಲಿನಲ್ಲಿ ಸಿಕ್ಕಿದ್ದು ಮರಿಗಳು ಮಾತ್ರ. ಅವು ಕೆಲವು ದಿನ ಚರ್ಮಕ್ಕೆ ಅಂಟಿಕೊಂಡೇ ಇರುತ್ತವೆ. ಕೋಳಿಗಳು ಗೂಡಿಗೆ ಹೋಗಲು ಒಪ್ಪದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಕೋಳಿಗಳು ಕೂರುವ ಗಳದ ಎರಡೂ ತುದಿಗಳನ್ನು, ಅದು ಗೋಡೆಗೆ ತಾಗುವ ಜಾಗವನ್ನು ನೋಡಿ. ಚಪ್ಪಟೆಯಾದ, ಚರ್ಮದಂತೆ ಸುಕ್ಕುಗಟ್ಟಿದ ಉಣ್ಣೆಗಳು ಸಿಕ್ಕರೆ ಅನುಮಾನವಿಲ್ಲ. ಔಷಧಿ ಕೋಳಿಗಿಂತ ಮೊದಲು ಗೂಡಿಗೆ ಬೇಕು. ಈ ಉಣ್ಣೆ ರಕ್ತವಿಲ್ಲದೆ ಒಂದು ವರ್ಷಕ್ಕೂ ಮೀರಿ ಬದುಕಬಲ್ಲದು; ಆದ್ದರಿಂದ ಗೂಡನ್ನು ಒಂದೆರಡು ತಿಂಗಳು ಖಾಲಿ ಬಿಟ್ಟರೆ ಸಾಯುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ. ಇದು ಕೋಳಿಗಳಿಗೆ ಸ್ಪೈರೋಕೀಟ್ (ಸುರುಳಿಯಾಕಾರದ ಬ್ಯಾಕ್ಟೀರಿಯಾ) ಜ್ವರವನ್ನೂ ಹರಡುತ್ತದೆ. ಹಸಿರು ಹಿಕ್ಕೆ ಹಾಕಿ, ಕಾಲು ಸೋತು ಕುಳಿತ ಕೋಳಿ ಇದ್ದರೆ ಅದನ್ನು ಬೇರೆ ಇರಿಸಿ ಪಶು ಆಸ್ಪತ್ರೆಗೆ ತೋರಿಸಿ. ಬೇಗ ಗುರುತಿಸಿದರೆ ಪೆನಿಸಿಲಿನ್‌ಗೆ ಬಗ್ಗುವ ಕಾಯಿಲೆ ಅದು.

ಇನ್ನು ಮೊಟ್ಟೆಯ ಮಾತು. ನಾಯಿಗೆ ಸಿಂಪಡಿಸುವ ಫಿಪ್ರೊನಿಲ್ ಅನ್ನು ಕೋಳಿಗೂ ಹೊಡೆಯಿರಿ ಎಂದು ಸಲಹೆ ಕೊಡುವವರು ಸಿಗುತ್ತಾರೆ, ಕೇಳಬೇಡಿ. 2017ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂಗಳ ಕೋಳಿ ಫಾರಂಗಳಲ್ಲಿ ಹುಳುಗಳ ನಿವಾರಣೆಗೆ ಬಳಸಿದ ಔಷಧಿಯಲ್ಲಿ ಇದು ಸೇರಿದ್ದರಿಂದ ಲಕ್ಷಾಂತರ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಕೋಳಿಯ ಮೈಗೆ ಏನನ್ನೇ ಹಚ್ಚುವುದಿದ್ದರೂ, ಎಷ್ಟು ದಿನದ ಮೊಟ್ಟೆ ತಿನ್ನಬಾರದು ಎಂಬುದನ್ನು ವೈದ್ಯರಿಂದ ಕೇಳಿಕೊಂಡೇ ಹಚ್ಚಿ.

ಉತ್ತರ: ಬಯಲುಸೀಮೆ ರೈತ (ಹಿರಿಯೂರು)

ಡಾಕ್ಟರು ಹೇಳಿದ್ದಕ್ಕೆ ಗೂಡಿನ ಕೆಲಸವನ್ನಷ್ಟು ಸೇರಿಸುತ್ತೇನೆ, ಏಕೆಂದರೆ ನಮ್ಮ ಕಡೆಯ ಒಣ ಹವೆಯಲ್ಲಿ ಈ ಪೀಡೆ ವರ್ಷವೂ ತಪ್ಪಿದ್ದಲ್ಲ. ಕೋಳಿಗಳನ್ನು ಹೊರಗೆ ಬಿಟ್ಟು, ನೀರು, ಮೇವಿನ ಪಾತ್ರೆಗಳನ್ನು ತೆಗೆದಿಟ್ಟು, ಮೊಟ್ಟೆ ಇಡುವ ಬುಟ್ಟಿಯ ಹುಲ್ಲನ್ನು ಸುಟ್ಟುಬಿಡಿ. ಹಳೆಯ ಬಿದಿರಿನ ಗಳಗಳಿದ್ದರೆ ಅವನ್ನೂ ಒಲೆಗೆ ಹಾಕಿ. ಬಿದಿರಿನ ಸೀಳಿನೊಳಗಿನ ಉಣ್ಣೆಗೆ ಯಾವ ಔಷಧಿಯೂ ತಲುಪುವುದಿಲ್ಲ. ಕಲ್ಲು, ಮಣ್ಣಿನ ಗೋಡೆಯಾದರೆ ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಮೇಲೆ ದಪ್ಪಗೆ ಸುಣ್ಣ ಹೊಡೆಯಬೇಕು. ಔಷಧಿ ಸಿಂಪಡಿಸುವುದಾದರೆ ಡಬ್ಬಿಯ ಮೇಲಿನ ಅಳತೆಯನ್ನು ಮೀರದೆ, ಸಂದುಗೊಂದುಗಳಿಗೆ ನೇರವಾಗಿ ಹೋಗುವಂತೆ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆ ಕೋಳಿಗಳನ್ನು ಒಳಗೆ ಬಿಡಿ. ಉಣ್ಣೆಯ ಮೊಟ್ಟೆಗಳು ಮೊದಲ ಸಲಕ್ಕೆ ಸಾಯುವುದಿಲ್ಲವಾದ್ದರಿಂದ ಸುಮಾರು ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಲೇಬೇಕು. ಹೆಚ್ಚಿನವರು ಸೋಲುವುದು ಈ ಎರಡನೆಯ ಸಲದ ಸೋಮಾರಿತನದಿಂದ.

ಹೊಸ ಗಳವನ್ನು ಗೋಡೆಗೆ ಸಿಕ್ಕಿಸಬೇಡಿ. ನುಣುಪಾದ ಕೋಲನ್ನು ನಾಲ್ಕು ಕಾಲಿನ ಸ್ಟ್ಯಾಂಡಿನ ಮೇಲೆ ಗೋಡೆಗೆ ತಾಗದಂತೆ ಇರಿಸಿ, ಪ್ರತಿ ಕಾಲಿನ ಬುಡಕ್ಕೂ ಹಳೆಯ ಎಂಜಿನ್ ಆಯಿಲ್ ತುಂಬಿದ ಡಬ್ಬಿ ಇಟ್ಟರೆ ಸಾಕು, ಹಾರಲಾರದ ಉಣ್ಣೆಗೆ ದಾರಿಯೇ ಉಳಿಯುವುದಿಲ್ಲ. ಬೇವಿನೆಣ್ಣೆಯನ್ನು ಹೊಗಳುವವರು ಬಹಳ. ಒಂದಿಷ್ಟು ದೂರವಿಡುತ್ತದೆ ನಿಜ, ಆದರೆ ಗೂಡಿನಲ್ಲಿ ತುಂಬಿಕೊಂಡ ಉಣ್ಣೆಗೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ತೋಟದಮನೆ:

ಇಬ್ಬರಿಗೂ ಕೃತಜ್ಞತೆಗಳು. ಟಾರ್ಚ್ ಹಿಡಿದು ನೋಡಿದೆ. ಗಳ ಗೋಡೆಗೆ ಸೇರುವ ತೂತಿನ ಸುತ್ತ ಗುಂಪುಗುಂಪಾಗಿದ್ದವು, ಬೆಳಕು ಬಿದ್ದೊಡನೆ ಒಳಗೆ ಸರಿದವು. ನಾಯಿಯ ವಿಷಯದಲ್ಲಿ ಇನ್ನೊಂದು ಅನುಮಾನ: ಕಿತ್ತು ತೆಗೆದಷ್ಟೂ ಮತ್ತೆ ಹತ್ತುತ್ತಿವೆ, ನಾಯಿ ಒಂದೆರಡು ದಿನದಿಂದ ಊಟವನ್ನೂ ಬಿಟ್ಟಿದೆ.

ಉತ್ತರ: ನಿವೃತ್ತ ಪಶುವೈದ್ಯ

ಊಟ ಬಿಟ್ಟಿದ್ದರೆ ನಾಳೆಗೆ ಮುಂದೂಡದೆ ರಕ್ತ ಪರೀಕ್ಷೆ ಮಾಡಿಸಿ. ನಾಯಿ ಉಣ್ಣೆಯಿಂದ ಎರ್ಲಿಕಿಯಾ, ಬೇಬೀಸಿಯಾ ಎಂಬ ಎರಡು ಕಾಯಿಲೆಗಳು ನಮ್ಮಲ್ಲಿ ಸಾಮಾನ್ಯ. ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ, ಕಾಫಿ ಬಣ್ಣದ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ತುರ್ತು ಎಂದೇ ತಿಳಿಯಿರಿ.

ಮತ್ತೆ ಮತ್ತೆ ಹತ್ತುವುದಕ್ಕೆ ಕಾರಣ, ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ಗೋಡೆಯ ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿ ಮಲಗುವ ಚೀಲವನ್ನು ಕುದಿಯುವ ನೀರಿಗೆ ಹಾಕಿ. ಬಾಗಿಲ ಚೌಕಟ್ಟು, ಜಗಲಿಯ ಮೂಲೆ, ಹೆಂಚಿನ ಅಡಿಯನ್ನೂ ಬಿಡಬೇಡಿ, ಅದು ಮೇಲಕ್ಕೆ ಹತ್ತುವ ಜಾತಿ. ನಾಯಿಗೆ ಈಗ ನುಂಗಿಸುವ ಮಾತ್ರೆಗಳಿವೆ: ಅಫಾಕ್ಸೊಲನರ್ ಒಂದು ತಿಂಗಳು, ಫ್ಲೂರಲನರ್ ಸುಮಾರು ಮೂರು ತಿಂಗಳು ಕೆಲಸ ಮಾಡುತ್ತದೆ. ಬೆಲೆ ಜಾಸ್ತಿ, ಆದರೂ ಬೆಕ್ಕು ಇರುವ ಮನೆಯಲ್ಲಿ ಮೈಗೆ ಹಚ್ಚುವುದಕ್ಕಿಂತ ಇದೇ ಮೇಲು. ತೂಕ ನೋಡಿ ವೈದ್ಯರೇ ಬರೆದುಕೊಡಲಿ, ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ತಿಳಿಸಿ.

ಉತ್ತರ: ಮಲೆನಾಡಿಗ (ಸಾಗರ)

ಇದನ್ನು ಓದುವ ನಮ್ಮ ಕಡೆಯವರಿಗಾಗಿ ಒಂದು ಮಾತು. ಕಾಡಿನಂಚಿನ ಮನೆಗಳಲ್ಲಿ ನಾಯಿ, ದನಗಳ ಮೇಲೆ ಬರುವುದು ಕಾಡಿನ ಉಣ್ಣೆಯೂ ಆಗಿರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇಂತಹ ಉಣ್ಣೆಯ ಮರಿಗಳಿಂದ. ಮಳೆಗಾಲ ಕಳೆದ ಒಣ ತಿಂಗಳುಗಳಲ್ಲಿ ಅವುಗಳ ಹಾವಳಿ ಹೆಚ್ಚು. ದರಗು (ಉದುರಿದ ಒಣ ಎಲೆ) ತಂದು ಕೋಳಿ ಗೂಡಿನ ಪಕ್ಕ ರಾಶಿ ಹಾಕಬೇಡಿ. ಉಣ್ಣೆಯನ್ನು ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಬಿಡುವುದು, ಉಗುರಿನಲ್ಲಿ ಹಿಸುಕುವುದು ಯಾವುದೂ ಬೇಡ. ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆದು, ಸ್ಪಿರಿಟ್ಟಿನಲ್ಲಿ ಹಾಕಿ, ಕೈ ತೊಳೆದುಕೊಳ್ಳಿ. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಹಂಚುವ, ಉಣ್ಣೆಯನ್ನು ದೂರವಿಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ ಇಲಾಖೆಗೆ ತಿಳಿಸಿ. ಮನೆಯವರಿಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಉಣ್ಣೆ ಕಚ್ಚಿದ ವಿಷಯವನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳಿ.