ಬೆಟ್ಟದ ನಾಡಿನಲ್ಲಿ ಎಲ್ಕ್ ಬೇಟೆ: ಸದಸ್ಯರ ಪ್ರಶ್ನೆಗಳಿಗೆ ಕೊಲರಾಡೊದ ಬೇಟೆ ಮಾರ್ಗದರ್ಶಿಯ ಉತ್ತರಗಳು

ಪ್ರಶ್ನೆ (ಡೆನ್ವರ್ ಸಮೀಪದ ಸದಸ್ಯರು): ನಮಸ್ಕಾರ ಸರ್. ನಾನು ಕೊಡಗಿನವನು. ಊರಿನ ಮನೆಯಲ್ಲಿ ಕೋವಿ ಇದೆ, ಕೈಲ್ ಮುಹೂರ್ತದಂದು ತೆಂಗಿನಕಾಯಿಗೆ ಗುಂಡು ಹೊಡೆದು ಅಭ್ಯಾಸವಿದೆ. ಆದರೆ ಬೇಟೆಯ ಅನುಭವ ಸ್ವಲ್ಪವೂ ಇಲ್ಲ. ಎಚ್-1ಬಿ ವೀಸಾದ ಮೇಲೆ ಇಲ್ಲಿದ್ದೇನೆ. ಸಹೋದ್ಯೋಗಿಯೊಬ್ಬರು ಬರುವ ಅಕ್ಟೋಬರಿನಲ್ಲಿ ವೈಟ್ ರಿವರ್ ರಾಷ್ಟ್ರೀಯ ಅರಣ್ಯಕ್ಕೆ ಎಲ್ಕ್ (ಕಡವೆಯಂತಹ ದೊಡ್ಡ ಜಿಂಕೆ) ಬೇಟೆಗೆ ಕರೆಯುತ್ತಿದ್ದಾರೆ, ತಮ್ಮ ಬಳಿಯಿರುವ ಇನ್ನೊಂದು ರೈಫಲನ್ನು ನನಗೆ ಕೊಡುವುದಾಗಿಯೂ ಹೇಳಿದ್ದಾರೆ. ಕಾನೂನಿನ ಪ್ರಕಾರ ಅದನ್ನು ನಾನು ಕೈಯಲ್ಲಿ ಹಿಡಿಯಬಹುದೇ? ಎಂತಹ ರೈಫಲ್ ಸಾಕಾಗುತ್ತದೆ?

ಉತ್ತರ: ಕಾನೂನಿನ ಪ್ರಶ್ನೆಯನ್ನು ಮೊದಲು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನಮ್ಮವರಲ್ಲಿ ಬಹಳ ಮಂದಿಗೆ ಇದು ತಿಳಿದಿಲ್ಲ. ಕೊಡಗಿನಲ್ಲಿ ಕೋವಿ ಪರವಾನಗಿಯಿಂದ ತಮಗಿರುವ ವಿನಾಯಿತಿಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಎಚ್-1ಬಿಯಂತಹ ವಲಸೆಯೇತರ ವೀಸಾದ ಮೇಲಿರುವವರು ಬಂದೂಕನ್ನಾಗಲೀ ಗುಂಡುಗಳನ್ನಾಗಲೀ ಹೊಂದಿರುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಎರವಲು ಪಡೆದ ರೈಫಲ್ ಎಂಬ ಕಾರಣಕ್ಕೆ ರಿಯಾಯಿತಿ ಸಿಗುವುದಿಲ್ಲ. ಆದರೆ ಯಾವುದಾದರೂ ರಾಜ್ಯ ನೀಡಿದ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಆದ್ದರಿಂದ ಅನುಕ್ರಮ ಮುಖ್ಯ: ಮೊದಲು ಬೇಟೆ ಶಿಕ್ಷಣದ ಪ್ರಮಾಣಪತ್ರ, ಅನಂತರ ಪರವಾನಗಿ, ಕೊನೆಗೆ ರೈಫಲ್. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಪ್ರತಿಯೊಬ್ಬರಿಗೂ ಕೊಲರಾಡೊದಲ್ಲಿ ಆ ಪ್ರಮಾಣಪತ್ರ ಕಡ್ಡಾಯ. ಹಲವು ಪರವಾನಗಿಗಳನ್ನು ಚೀಟಿ ಎತ್ತಿ ಹಂಚುತ್ತಾರೆ, ಅದಕ್ಕೆ ಅರ್ಜಿ ಹಾಕುವ ಗಡುವು ಏಪ್ರಿಲ್ ಆರಂಭದಲ್ಲೇ ಮುಗಿಯುವುದರಿಂದ ಅಕ್ಟೋಬರಿನ ಯೋಚನೆಯನ್ನು ಚಳಿಗಾಲದಲ್ಲೇ ಮಾಡಬೇಕಾಗುತ್ತದೆ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿರುವವರು ಇಂತಹ ವಿಷಯದಲ್ಲಿ ಎಡವಬಾರದು. ಒಮ್ಮೆ ವಲಸೆ ವಕೀಲರನ್ನು ಕೇಳಿ ಮುಂದುವರಿಯಿರಿ.

ರೈಫಲಿನ ವಿಚಾರದಲ್ಲಿ ಕೊಲರಾಡೊದ ಕನಿಷ್ಠ ನಿಯಮ ಹೀಗಿದೆ: ನಳಿಗೆಯ ಒಳವ್ಯಾಸ .24 ಅಂಗುಲಕ್ಕೆ ಕಡಿಮೆಯಿರಬಾರದು, ಎಲ್ಕ್‌ಗೆ ಬಳಸುವ ಗುಂಡು ಕನಿಷ್ಠ 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಗಬೇಕು, ತಗುಲಿದಾಗ ಅರಳಿಕೊಳ್ಳುವ ಬಗೆಯದಾಗಿರಬೇಕು, 100 ಗಜದಲ್ಲಿ ಅದರ ಹೊಡೆತದ ಶಕ್ತಿ 1000 ಅಡಿ-ಪೌಂಡಿಗಿಂತ ಕಡಿಮೆಯಾಗಬಾರದು. ಇದು ಕಾನೂನಿನ ತಳಮಟ್ಟ ಮಾತ್ರ. ಸುಮಾರು 300 ಕಿಲೋ ತೂಗುವ, ನಮ್ಮ ಕಡವೆಗಿಂತಲೂ ದೊಡ್ಡದಾದ ಗಂಡು ಎಲ್ಕ್‌ಗೆ .270 ವಿಂಚೆಸ್ಟರ್, .308 ಅಥವಾ .30-06 ತೋಟಾದ ರೈಫಲ್ ಧಾರಾಳವಾಗಿ ಸಾಕು. 1906ರಲ್ಲಿ ಸೈನ್ಯಕ್ಕೆಂದು ಬಂದ .30-06 ಇಂದಿಗೂ ಈ ಬೆಟ್ಟಗಳಲ್ಲಿ ಹಳತಾಗಿಲ್ಲ. ಹೊಸಬರು .300 ವಿಂಚೆಸ್ಟರ್ ಮ್ಯಾಗ್ನಮ್‌ನಂತಹದನ್ನು ಕೊಂಡು, ಅದರ ಒದೆತಕ್ಕೆ ಹೆದರಿ, ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುವುದನ್ನು ಪ್ರತಿ ವರ್ಷವೂ ನೋಡುತ್ತೇನೆ. ಭುಜಕ್ಕೆ ಭಯವಾಗದ ರೈಫಲೇ ತಮಗೆ ಸರಿಯಾದ ರೈಫಲ್.

ಪ್ರಶ್ನೆ (ಸಾಲ್ಟ್ ಲೇಕ್ ಸಿಟಿಯ ಸದಸ್ಯರು): ನಮ್ಮದು ತೀರ್ಥಹಳ್ಳಿಯ ಕಡೆ. ಅಜ್ಜನ ಕಾಲದಲ್ಲಿ ಮರಸು ಕೂರುತ್ತಿದ್ದ (ಬೇಟೆಗಾಗಿ ಅಡಗಿ ಕಾಯುತ್ತಿದ್ದ) ಕಥೆಗಳನ್ನು ಕೇಳಿ ಬೆಳೆದವನು. ಇಲ್ಲಿ ಕಳೆದ ಹಂಗಾಮಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹುಲ್ಲುಗಾವಲಿನ ಅಂಚಿನಲ್ಲಿ ಕುಳಿತರೂ ಒಂದು ಎಲ್ಕ್ ಕೂಡ ಕಾಣಿಸಲಿಲ್ಲ. ಹೆಜ್ಜೆ ಗುರುತುಗಳೂ ಹಿಕ್ಕೆಯೂ ಮಾತ್ರ ಹೇರಳವಾಗಿದ್ದವು. ಎಲ್ಲಿ ತಪ್ಪುತ್ತಿದೆ?

ಉತ್ತರ: ಸರ್, ಜಾಗ ಸರಿಯಾಗಿಯೇ ಇತ್ತು ಎಂದು ಆ ಹಿಕ್ಕೆಯೇ ಹೇಳುತ್ತದೆ, ಹೊತ್ತು ಮತ್ತು ಗಾಳಿ ಸರಿಯಿರಲಿಲ್ಲ. ಸೆಪ್ಟೆಂಬರಿನಲ್ಲಿ ಬೆದೆಗೆ ಬಂದು ಕೂಗುತ್ತಾ ಬಯಲಿನಲ್ಲೇ ತಿರುಗುವ ಗಂಡುಗಳು ರೈಫಲ್ ಹಂಗಾಮು ಬರುವ ಹೊತ್ತಿಗೆ ಸೊರಗಿರುತ್ತವೆ. ಅವು ಹಿಂಡನ್ನು ಬಿಟ್ಟು, ಒಂಟಿಯಾಗಿಯೋ ಎರಡು ಮೂರು ಸೇರಿಯೋ, ಕಡಿದಾದ ಉತ್ತರದ ಇಳುಕಲಿನ ದಟ್ಟ ಸ್ಪ್ರೂಸ್ ಮರಗಳ ನಡುವೆ ಅಡಗುತ್ತವೆ. ಬಿಸಿಲು ನೇರವಾಗಿ ಬೀಳದ ಆ ಮಗ್ಗುಲಿನಲ್ಲಿ ತಂಪಿರುತ್ತದೆ, ಮರೆಯಿರುತ್ತದೆ, ನೀರೂ ಹತ್ತಿರವಿರುತ್ತದೆ. ಮೊದಲ ದಿನದ ಮೊದಲ ಈಡು ಕೇಳಿದ ಮೇಲೆ ಅವು ಬಯಲಿಗೆ ಬರುವುದು ಬೆಳಕು ಹರಿಯುವ ಮುನ್ನ ಮತ್ತು ಕತ್ತಲಾಗುತ್ತಿರುವಾಗ ಮಾತ್ರ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಗುಂಡು ಹಾರಿಸಲು ಕಾನೂನಿನ ಅನುಮತಿಯಿದೆ. ಆ ಎರಡು ತುದಿಗಳೇ ಬೇಟೆಯ ಹೊತ್ತು, ನಡುವಿನ ಎಂಟು ಗಂಟೆ ಬಯಲಿನಲ್ಲಿ ಕೂರುವುದು ಬಹುಮಟ್ಟಿಗೆ ವ್ಯರ್ಥ.

ಗಾಳಿಯ ಮಾತು ಇದಕ್ಕಿಂತ ದೊಡ್ಡದು. ಎಲ್ಕ್ ಕಣ್ಣಿಗೆ ಬಿದ್ದದ್ದನ್ನು ಒಮ್ಮೆ ಅನುಮಾನಿಸಬಹುದು, ಕಿವಿಗೆ ಬಿದ್ದದ್ದನ್ನು ಇನ್ನೊಂದು ಎಲ್ಕ್ ಇರಬಹುದೆಂದು ಬಿಡಬಹುದು, ಮೂಗಿಗೆ ಮನುಷ್ಯನ ವಾಸನೆ ಬಂದರೆ ಮಾತ್ರ ಎರಡನೆಯ ಯೋಚನೆ ಮಾಡದೆ ಇನ್ನೊಂದು ಕಣಿವೆಗೆ ದಾಟಿಬಿಡುತ್ತದೆ. ರಾತ್ರಿಯಿಡೀ ತಣ್ಣಗಾದ ಗಾಳಿ ಭಾರವಾಗಿ ಬೆಳಗಿನ ಜಾವ ಇಳುಕಲಿನ ಕೆಳಕ್ಕೆ ಹರಿಯುತ್ತದೆ. ಬಿಸಿಲು ಮಣ್ಣನ್ನು ಕಾಯಿಸಿದ ಮೇಲೆ, ಸಾಮಾನ್ಯವಾಗಿ ಒಂಬತ್ತು ಹತ್ತರ ಸುಮಾರಿಗೆ, ಅದು ತಿರುಗಿ ಮೇಲಕ್ಕೆ ಏರತೊಡಗುತ್ತದೆ. ಸಂಜೆ ನೆರಳು ಬಿದ್ದೊಡನೆ ಮತ್ತೆ ಕೆಳಕ್ಕೆ. ಹಾಗಾಗಿ ಬೆಳಗ್ಗೆ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಇರಬೇಕು, ಗಾಳಿ ತಿರುಗುವ ಮೊದಲೇ ಬಳಸು ದಾರಿಯಲ್ಲಿ ಬೆಟ್ಟದ ಏಣಿನ ಮೇಲೆ ಹತ್ತಿ, ಹಗಲಿನಲ್ಲಿ ಅವು ಮಲಗುವ ತಾಣಕ್ಕಿಂತ ಎತ್ತರದಲ್ಲಿರಬೇಕು. ಗಾಳಿ ತಿರುಗುವ ಆ ಅರ್ಧ ಗಂಟೆಯಲ್ಲಿ ಅದು ಎತ್ತಲೂ ಸುಳಿಯಬಹುದು. ಆಗ ಇದ್ದಲ್ಲಿಯೇ ಕುಳಿತು ದುರ್ಬೀನಿನಲ್ಲಿ ನೋಡುವುದನ್ನು ಬಿಟ್ಟು ಬೇರೇನೂ ಮಾಡಬೇಡಿ. ಕಿಸೆಯಲ್ಲಿ ಒಂದು ಸಣ್ಣ ಡಬ್ಬಿ ಪೌಡರ್ ಇಟ್ಟುಕೊಂಡು ಆಗಾಗ ಚಿಮ್ಮಿಸಿ ನೋಡುವುದು ಸಾವಿರ ಡಾಲರಿನ ಉಡುಪಿಗಿಂತ ಉಪಯುಕ್ತ. ತಮ್ಮ ಅಜ್ಜನವರ ಮರಸು ಇಲ್ಲಿಯೂ ನಡೆಯುತ್ತದೆ; ಆದರೆ ಹುಲ್ಲುಗಾವಲಿನ ಅಂಚಿನಲ್ಲಲ್ಲ, ಹುಲ್ಲುಗಾವಲಿನಿಂದ ಮಲಗುವ ತಾಣಕ್ಕೆ ಹೋಗುವ ಓಣಿಯಲ್ಲಿ ಅಥವಾ ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ.

ಪ್ರಶ್ನೆ (ಮೊದಲ ಸದಸ್ಯರೇ): ಧನ್ಯವಾದ ಸರ್. ಪರವಾನಗಿ ಬಂದ ಮೇಲೆಯೇ ರೈಫಲ್ ಮುಟ್ಟುತ್ತೇನೆ. ಕಡಿದಾದ ಇಳಿಜಾರಿನಲ್ಲಿ ಗುರಿ ಹಿಡಿಯುವಾಗ ಮೇಲಕ್ಕೆ ಹೊಡೆದರೆ ಒಂದು ಲೆಕ್ಕ, ಕೆಳಕ್ಕೆ ಹೊಡೆದರೆ ಇನ್ನೊಂದು ಲೆಕ್ಕ ಎನ್ನುತ್ತಾರೆ. ನಿಜವೇ? ಎಷ್ಟು ದೂರದವರೆಗೆ ಹೊಡೆಯಬಹುದು?

ಉತ್ತರ: ಎರಡಕ್ಕೂ ಒಂದೇ ಲೆಕ್ಕ. ಗುಂಡನ್ನು ಕೆಳಗೆ ಸೆಳೆಯುವ ಗುರುತ್ವವು ಅಡ್ಡಳತೆಯ ದೂರಕ್ಕೆ ತಕ್ಕಂತೆ ಕೆಲಸ ಮಾಡುತ್ತದೆಯೇ ಹೊರತು ಇಳಿಜಾರಿನ ಉದ್ದಕ್ಕಲ್ಲ. 30 ಡಿಗ್ರಿ ಕೋನದಲ್ಲಿ 300 ಗಜ ದೂರ ನಿಂತಿರುವ ಎಲ್ಕ್, ಮೇಲಿರಲಿ ಕೆಳಗಿರಲಿ, ಗುಂಡಿನ ಪಾಲಿಗೆ ಸುಮಾರು 260 ಗಜದಲ್ಲಿದೆ. ಇದನ್ನು ಮರೆತವರ ಗುಂಡು ಎರಡೂ ಸಂದರ್ಭಗಳಲ್ಲಿ ಗುರಿಗಿಂತ ಮೇಲಕ್ಕೆ ಹೋಗುತ್ತದೆ. 200 ಗಜಕ್ಕೆ ಹೊಂದಿಸಿದ .30-06ರಲ್ಲಿ ಈ ವ್ಯತ್ಯಾಸ ಕೆಲವೇ ಅಂಗುಲ, ಎಲ್ಕ್‌ನ ಎದೆಗೂಡು ದೊಡ್ಡದು. ಕೋನವಷ್ಟೇ ತಪ್ಪಿದರೆ ಬಹಳ ಹಾನಿಯಾಗುವುದಿಲ್ಲ. ಆದರೆ ಅದರ ಜೊತೆಗೆ ಅಡ್ಡಗಾಳಿ ಸೇರಿದರೆ, ಏದುಸಿರು ಸೇರಿದರೆ, ಗುಂಡು ಹೊಟ್ಟೆಗೆ ಬೀಳುತ್ತದೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ 300 ಗಜದಲ್ಲಿ ಗುಂಡನ್ನು ಅರ್ಧ ಅಡಿಯಷ್ಟು ಸರಿಸಬಲ್ಲದು. ಬೆಟ್ಟದಲ್ಲಿ ನೀವು ನಿಂತ ಕಡೆ ಎಲೆಯೂ ಅಲುಗದಿದ್ದು, ಕಣಿವೆಯ ನಡುವೆ ಬಿರುಗಾಳಿಯೇ ಹರಿಯುತ್ತಿರಬಹುದು.

ದೂರದ ಬಗ್ಗೆ ನಾನು ಸಂಖ್ಯೆ ಹೇಳುವುದಿಲ್ಲ, ಪರೀಕ್ಷೆ ಹೇಳುತ್ತೇನೆ. ಬೆಂಚಿನ ಮೇಲೆ ಮರಳುಚೀಲವಿಟ್ಟು ಹೊಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಶೂಟಿಂಗ್ ರೇಂಜಿನಲ್ಲಿ ಒಂದು ಸುತ್ತು ಓಡಿ ಬಂದು, ಬೆನ್ನುಚೀಲದ ಮೇಲೆ ರೈಫಲನ್ನು ಒರಗಿಸಿ, ಕುಳಿತ ಭಂಗಿಯಲ್ಲಿ ಊಟದ ತಟ್ಟೆಯಗಲದ ಗುರಿಗೆ ಪ್ರತಿ ಸಲವೂ ಯಾವ ದೂರದವರೆಗೆ ಹೊಡೆಯಬಲ್ಲಿರೋ ಅಲ್ಲಿಗೇ ತಮ್ಮ ಮಿತಿ. ಬಹುತೇಕ ಹೊಸಬರಿಗೆ ಅದು 200 ಗಜಕ್ಕಿಂತ ಮುಂದೆ ಹೋಗುವುದಿಲ್ಲ, ಅದರಲ್ಲಿ ನಾಚಿಕೆಯೂ ಇಲ್ಲ. ಪ್ರಾಣಿ ಪೂರ್ತಿ ಅಡ್ಡವಾಗಿ ನಿಂತಿರಬೇಕು. ಮುಂಗಾಲಿನ ಹಿಂಬದಿಗೆ, ಎದೆಯ ಕೆಳಗಿನ ಮೂರನೆಯ ಒಂದು ಭಾಗದ ಮಟ್ಟದಲ್ಲಿ ಗುರಿಯಿಡಬೇಕು. ಒಂದು ಈಡು ತಗುಲಿ ಇನ್ನೂ ನಿಂತಿದ್ದರೆ ಎರಡನೆಯದನ್ನು ತಡಮಾಡದೆ ಹೊಡೆಯಿರಿ, ಎಲ್ಕ್ ಬಹಳ ಗಟ್ಟಿ ಜೀವ. ಓಡಿ ಮರೆಯಾದರೆ ಅದು ನಿಂತಿದ್ದ ಜಾಗವನ್ನು ಗುರುತಿಟ್ಟುಕೊಂಡು ಅರ್ಧ ಗಂಟೆ ಕಾಯಿರಿ. ಕೂಡಲೇ ಬೆನ್ನಟ್ಟಿದರೆ ಹತ್ತಿರದಲ್ಲೇ ಮಲಗಬೇಕಾಗಿದ್ದ ಪ್ರಾಣಿ ಮೈಲಿಗಟ್ಟಲೆ ಹೋಗುತ್ತದೆ.

ಕುದುರೆ ಎಳೆಯುವ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ, ಮಾರ್ಗದರ್ಶಿಯಾಗಿ ನಾನು ಅತಿ ಹೆಚ್ಚು ಸಲ ಬೇಡವೆಂದು ತಡೆಯುವುದು ಇದಕ್ಕಾಗಿಯೇ: ಇದು ಬಿದ್ದ ಮೇಲೆ ಹೊರಗೆ ಹೊರುವುದು ಹೇಗೆ? ಮೂಳೆ ಬಿಡಿಸಿದ ಮೇಲೂ ಒಂದು ಗಂಡು ಎಲ್ಕ್‌ನಲ್ಲಿ 90ರಿಂದ 100 ಕಿಲೋದಷ್ಟು ಮಾಂಸವಿರುತ್ತದೆ. 25 ಕಿಲೋದ ಹೊರೆಯೆಂದರೂ ನಾಲ್ಕು ಹೊರೆ. ಬಿದ್ದ ಮರಗಳನ್ನು ದಾಟುತ್ತಾ, ಹತ್ತು ಸಾವಿರ ಅಡಿ ಎತ್ತರದ ತೆಳುಗಾಳಿಯಲ್ಲಿ, ದಾರಿಯಿಲ್ಲದ ಇಳಿಜಾರಿನಲ್ಲಿ ಹೊರಬೇಕು. ಮಾಂಸವನ್ನು ಕಾಡಿನಲ್ಲಿ ಹಾಳುಗೆಡವುವುದು ಇಲ್ಲಿ ಅಪರಾಧ. ವಾಹನ ನಿಂತ ಜಾಗಕ್ಕಿಂತ ಮೇಲೆ ಬಿದ್ದದ್ದನ್ನು ಇಳಿಸಬಹುದು. ಕೆಳಗಿನ ಕೊರಕಲಿನಲ್ಲಿ ಬಿದ್ದದ್ದನ್ನು ಹತ್ತಿಸುವುದು, ಅದೂ ಇಬ್ಬರೇ ಇದ್ದಾಗ, ಎರಡು ದಿನದ ಕೆಲಸ. ಅಂತಹ ಕೊರಕಲಿನಲ್ಲಿ ಎಂತಹ ಕೊಂಬಿನ ಗಂಡು ನಿಂತಿದ್ದರೂ ಸುಮ್ಮನೆ ನೋಡಿ ಬರುವುದು ಮೇಲು.

ಇನ್ನು ಕೊಂಬಿನ ಲೆಕ್ಕ. ಕೊಲರಾಡೊದ ಬಹುಪಾಲು ಬೇಟೆ ವಿಭಾಗಗಳಲ್ಲಿ ಒಂದು ಕೊಂಬಿಗೆ ಕನಿಷ್ಠ ನಾಲ್ಕು ಕವಲು, ಅಥವಾ ಹಣೆಯ ಕವಲು ಐದು ಅಂಗುಲ ಇದ್ದರೆ ಮಾತ್ರ ಗಂಡನ್ನು ಹೊಡೆಯಬಹುದು. ಹೆಣ್ಣು ಎಲ್ಕ್‌ನ ಪರವಾನಗಿಯವರು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು: 1978ರಿಂದ ತಂದು ಬಿಟ್ಟ ಮೂಸ್ (ಎಲ್ಕ್‌ಗಿಂತ ದೊಡ್ಡ ಜಿಂಕೆ ಜಾತಿ) ಈಗ ಇದೇ ಕಾಡುಗಳಲ್ಲಿ ಹರಡಿದೆ, ಅದನ್ನು ಎಲ್ಕ್ ಎಂದು ತಿಳಿದು ಹೊಡೆಯುವವರು ಇದ್ದಾರೆ. ಮೂಸ್‌ನ ಮೈ ಕಪ್ಪು, ಮೂತಿ ಜೋಲು. ಎಲ್ಕ್‌ನ ಹಿಂಭಾಗ ಬಿಳಿಚು ಹಳದಿ. ಅದನ್ನು ದುರ್ಬೀನಿನಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಿ. ದೂರದಲ್ಲಿ ಕಾಣುವುದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದಾದ್ದರಿಂದ ರೈಫಲಿನ ದೂರದರ್ಶಕವನ್ನು ಅದಕ್ಕೆ ಎಂದಿಗೂ ಬಳಸಬೇಡಿ. ಇದೇ ಕಾರಣಕ್ಕೆ ಸೊಂಟಕ್ಕಿಂತ ಮೇಲೆ ಕನಿಷ್ಠ 500 ಚದರ ಅಂಗುಲ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಡುಪು, ತಲೆಗೂ ಅದೇ ಬಣ್ಣದ ಟೋಪಿ ಕಡ್ಡಾಯ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಿಂತ ಕೆಲಸವನ್ನು ನಮ್ಮವರು ಅಲ್ಲಿ ಹೋಗಿ ಮಾಡುವುದು ಸರಿಯೇ?

ಉತ್ತರ: ಬೇಡ ಎನ್ನುವವರೊಂದಿಗೆ ನಾನು ವಾದಿಸುವುದಿಲ್ಲ. ಇಲ್ಲಿನ ಸ್ಥಿತಿಯನ್ನಷ್ಟೇ ಹೇಳುತ್ತೇನೆ. ಕಳೆದ ಶತಮಾನದ ಆರಂಭದಲ್ಲಿ ಲಗಾಮಿಲ್ಲದ ಬೇಟೆಯಿಂದಲೇ ಕೊಲರಾಡೊದ ಎಲ್ಕ್ ಅಳಿಯುವ ಹಂತಕ್ಕೆ ಬಂದಿತ್ತು, ವಯೋಮಿಂಗ್‌ನಿಂದ ತಂದು ಬಿಡಬೇಕಾಯಿತು. ಈಗ ಎರಡೂವರೆ ಲಕ್ಷಕ್ಕೂ ಹೆಚ್ಚಿವೆ. ಎಷ್ಟು ಹೊಡೆಯಬಹುದು ಎಂಬುದನ್ನು ಪ್ರತಿ ಹಿಂಡಿನ ಅಂದಾಜಿನ ಮೇಲೆ ರಾಜ್ಯವೇ ನಿಗದಿಪಡಿಸುತ್ತದೆ, ಪರವಾನಗಿಯ ಹಣವೂ 1937ರ ಕಾನೂನಿನಂತೆ ರೈಫಲ್ ಮತ್ತು ಗುಂಡುಗಳ ಮೇಲೆ ಬೀಳುವ ಶೇ. 11ರ ತೆರಿಗೆಯೂ ವನ್ಯಜೀವಿ ನಿರ್ವಹಣೆಗೆ ಹೋಗುತ್ತದೆ. ಭಾರತದ ಕಾಡಿಗೆ ಈ ಲೆಕ್ಕ ಹೊಂದುತ್ತದೆ ಎಂದು ನಾನು ಹೇಳಲಾರೆ.

ಪ್ರಶ್ನೆ (ಫೋರ್ಟ್ ಕಾಲಿನ್ಸ್‌ನ ಸದಸ್ಯೆ): ಸರ್, ನಮ್ಮ ಮನೆಯವರು ಈ ಬಾರಿ ಹೋಗುತ್ತಿದ್ದಾರೆ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳಿದ್ದಾರೆ. ಜಿಂಕೆ, ಎಲ್ಕ್‌ಗಳಿಗೆ ಬರುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಕಾಯಿಲೆಯ ಬಗ್ಗೆ ಓದಿ ಭಯವಾಗಿದೆ. ಮಾಂಸವನ್ನು ತಿನ್ನಬಹುದೇ?

ಉತ್ತರ: ಮೇಡಂ, ಆ ಕಾಯಿಲೆ ಮೊದಲು ಕಂಡದ್ದು ತಮ್ಮ ಊರಿನಲ್ಲಿಯೇ, 1967ರಲ್ಲಿ, ಸಂಶೋಧನೆಗೆಂದು ಕೂಡಿಹಾಕಿದ್ದ ಜಿಂಕೆಗಳಲ್ಲಿ. ಮನುಷ್ಯರಿಗೆ ಹರಡಿದ್ದು ಖಚಿತವಾಗಿ ದಾಖಲಾಗಿಲ್ಲ. ಆದರೂ ಕಾಯಿಲೆ ದೃಢಪಟ್ಟ ಪ್ರಾಣಿಯ ಮಾಂಸವನ್ನು ತಿನ್ನಬಾರದೆಂಬುದೇ ಆರೋಗ್ಯ ಇಲಾಖೆಯವರ ಸಲಹೆ. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಕುದಿಸಿದರೂ ಹುರಿದರೂ ನಾಶವಾಗುವುದಿಲ್ಲ, ಹಾಗಾಗಿ ಕುಕ್ಕರಿನಲ್ಲಿ ಇನ್ನೆರಡು ಸೀಟಿ ಕೂಗಿಸುವುದರಿಂದ ಪ್ರಯೋಜನವಿಲ್ಲ. ಪ್ರಾಣಿಯ ತಲೆಯನ್ನು ರಾಜ್ಯ ವನ್ಯಜೀವಿ ಇಲಾಖೆಗೆ ಕೊಟ್ಟರೆ ಗಂಟಲಿನ ದುಗ್ಧಗ್ರಂಥಿಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಕೆಲವು ವಿಭಾಗಗಳಲ್ಲಿ ಇದು ಕಡ್ಡಾಯ, ಕಡ್ಡಾಯವಿಲ್ಲದ ಕಡೆಯೂ ತಾವು ಮಾಡಿಸಲೇಬೇಕು.

ಪರೀಕ್ಷೆಗಿಂತ ಮೊದಲು ಮಾಂಸ ಕೆಡುವ ಅಪಾಯ ಹೆಚ್ಚು. ಎಲ್ಕ್‌ನ ದಪ್ಪ ಚರ್ಮ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಆದ್ದರಿಂದ ರಾತ್ರಿ ಹಿಮ ಬೀಳುತ್ತಿದ್ದರೂ ತೊಡೆಯ ಮೂಳೆಯ ಸುತ್ತ ಮಾಂಸ ಹುಳಿಯಾಗುತ್ತದೆ. ಪ್ರಾಣಿ ಬಿದ್ದ ಒಂದೆರಡು ಗಂಟೆಯೊಳಗೆ ಚರ್ಮ ಸುಲಿದು, ಕಾಲುಗಳನ್ನು ಬೇರ್ಪಡಿಸಿ, ಗಾಳಿಯಾಡುವ ಬಟ್ಟೆಚೀಲದಲ್ಲಿ ಹಾಕಿ ನೆರಳಿನಲ್ಲಿ ತೂಗುಹಾಕಲು ಮನೆಯವರಿಗೆ ಹೇಳಿರಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಕೈಗವಸು ಹಾಕಿಕೊಳ್ಳಲಿ, ಮಿದುಳಿಗೂ ಬೆನ್ನುಹುರಿಗೂ ಕತ್ತಿ ತಾಗಿಸದಿರಲಿ. ಗಂಡೋ ಹೆಣ್ಣೋ ಎಂಬುದನ್ನು ತೋರಿಸುವ ಅಂಗವನ್ನು ಕಾನೂನಿನಂತೆ ಮಾಂಸಕ್ಕೆ ಅಂಟಿಕೊಂಡಂತೆಯೇ ಉಳಿಸಬೇಕು. ಕತ್ತರಿಸುವ ಅಂಗಡಿಗೆ ಕೊಡುವುದಾದರೆ, ಬೇರೆಯವರ ಮಾಂಸದೊಂದಿಗೆ ಬೆರೆಸದೆ ತಮ್ಮದನ್ನೇ ಪ್ರತ್ಯೇಕವಾಗಿ ಕಟ್ಟಿಕೊಡುವಂತೆ ಮೊದಲೇ ಬರೆಸಿಕೊಳ್ಳಿ, ವಿಶೇಷವಾಗಿ ಖೈಮಾ ಮಾಡಿಸುವಾಗ. ಫ್ರೀಜರಿನಲ್ಲಿ ಪ್ರತಿ ಕಟ್ಟಿನ ಮೇಲೂ ತಲೆಯ ಮಾದರಿಯ ಸಂಖ್ಯೆಯನ್ನೇ ಬರೆದಿಟ್ಟು, ಫಲಿತಾಂಶ ಬರುವವರೆಗೆ ಯಾವುದನ್ನೂ ಬಿಚ್ಚಬೇಡಿ, ನೆರೆಯವರಿಗೂ ಹಂಚಬೇಡಿ.