ಮಾರ್ಗ್ ಅಂದರೆ ರಸ್ತೆಯಲ್ಲ

ಇಂಗ್ಲಿಷ್ ಕತೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪೊಲೀಸರು ಹೆಣವನ್ನು ‘ಮಾರ್ಗ್’ಗೆ (morgue), ಅಂದರೆ ಹೆಣ ಇಡುವ ಜಾಗಕ್ಕೆ ಸಾಗಿಸುತ್ತಾರೆ. ಪದವನ್ನು ಹಾಗೇ ಕನ್ನಡ ಲಿಪಿಯಲ್ಲಿ ಬಿಟ್ಟರೆ ನಮ್ಮ ಮುಂಬಯಿಯವರಿಗೆ ಮೊದಲು ಕಾಣುವುದು ರಸ್ತೆ. ಪರೇಲಿನ ಕೆಇಎಂ ಆಸ್ಪತ್ರೆ ಇರುವುದೇ ಆಚಾರ್ಯ ದೋಂದೆ ಮಾರ್ಗ್‌ನಲ್ಲಿ! ‘ಹೆಣ ಮಾರ್ಗ್‌ನಲ್ಲಿದೆ’ ಅಂತ ಬರೆದರೆ ಯಾರೋ ಬಸ್ಸಿಗೆ ಸಿಕ್ಕಿ ಬಿದ್ದಿದ್ದಾರೆ ಅಂದುಕೊಂಡಾರು.

ಮಾರ್ಗ್, ಮಾರ್ಚುರಿ ಎರಡೂ ಒಂದೇ ಅನ್ನುವವರು ಬಹಳ. ಬಳಕೆಯಲ್ಲಿ ಹೆಚ್ಚುಕಡಿಮೆ ಹೌದು, ಹುಟ್ಟಿನಲ್ಲಿ ಅಲ್ಲ. ಮಾರ್ಚುರಿ ಬಂದದ್ದು ಸಾವು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಮೃತ, ಮರಣ, ಮುರ್ದಾ ಎಲ್ಲ ಅದರ ದೂರದ ದಾಯಾದಿಗಳು. ಸತ್ತವರ ಆಸ್ತಿಯಿಂದ ಪಾದ್ರಿಗೆ ಸಲ್ಲಬೇಕಿದ್ದ ಕಾಣಿಕೆಗೂ ಹಿಂದೆ ಇದೇ ಹೆಸರಿತ್ತು. ಹೆಣ ಇಡುವ ಜಾಗ ಎಂಬ ಅರ್ಥ ನೆಲೆಯಾದದ್ದು 19ನೇ ಶತಮಾನದಲ್ಲಿ.

ಮಾರ್ಗ್‌ಗೆ ಸಾವಿನ ಸಂಬಂಧ ಹುಟ್ಟಿನಿಂದ ಬಂದದ್ದಲ್ಲ. ಫ್ರೆಂಚಿನಲ್ಲಿ ಅದು ಗತ್ತಿನ ಮುಖ, ಗತ್ತಿನ ನೋಟ. ಪ್ಯಾರಿಸ್ಸಿನ ಶಾತಲೆ ಸೆರೆಮನೆಯಲ್ಲಿ ಹೊಸ ಕೈದಿಗಳನ್ನು ಒಂದು ಕೋಣೆಯಲ್ಲಿ ಇರಿಸಿ, ಮುಖ ಮನಸ್ಸಿನಲ್ಲಿ ಕೂರುವ ತನಕ ಕಾವಲಿನವರು ದಿಟ್ಟಿಸಿ ನೋಡುತ್ತಿದ್ದರಂತೆ. ಆ ಕೋಣೆಗೆ ಈ ಹೆಸರು ಬಿತ್ತು. ಮುಂದೆ ಅಲ್ಲಿ ಗುರುತು ಸಿಗದ ಹೆಣಗಳನ್ನು ಇಡತೊಡಗಿದರು. 1804ರಲ್ಲಿ ಸೇನ್ ನದಿಯ ಪಕ್ಕ ಅದಕ್ಕೇ ಬೇರೆ ಕಟ್ಟಡವಾಯಿತು. ಗಾಜಿನ ಆಚೆ ಹೆಣಗಳನ್ನು ಮಲಗಿಸಿ, ಯಾರಾದರೂ ಗುರುತು ಹಿಡಿಯಲಿ ಅಂತ ಜನರನ್ನು ಒಳಗೆ ಬಿಡುತ್ತಿದ್ದರು. ಸುಮ್ನೆ ನೋಡೋಕೆ ಬಂದವರ ಗುಂಪೇ ನೆರೆಯುತ್ತಿತ್ತು. ಪ್ರವಾಸಿಗರೂ ತಪ್ಪದೆ ಬರುತ್ತಿದ್ದರು. 1907ರಲ್ಲಿ ಈ ಜಾತ್ರೆಗೆ ಬಾಗಿಲು ಹಾಕಿದರು.

ಹೀಗಾಗಿ ಪದದ ಒಳಗಿರುವುದು ‘ಗುರುತು ಹಿಡಿಯುವುದು’. ನನ್ನ ಕತೆಯ ಹೆಣಕ್ಕೂ ಹೆಸರಿಲ್ಲ, ಊರಿಲ್ಲ. ರೈಲು ಹಳಿಯ ಮೇಲೆ ಸಿಕ್ಕಿ, ವಾರಸುದಾರರಿಗಾಗಿ ಕಾಯುವ ದೇಹಗಳು ಈ ಊರಿಗೆ ಹೊಸದೇನಲ್ಲ. ಇಲ್ಲಿನ ಮರಾಠಿ ಪತ್ರಿಕೆಗಳು ಅಂಥದ್ದನ್ನು ‘ಬೇವಾರಸ್’ ಮೃತದೇಹ ಅನ್ನುತ್ತವೆ. ಅದನ್ನು ಮಾತ್ರ ಕನ್ನಡಕ್ಕೆ ಹಾಗೇ ಎತ್ತಿಕೊಳ್ಳಬೇಡಿ. ನಮ್ಮಲ್ಲಿ ಬೇವಾರ್ಸಿ ಅಂದರೆ ಬೈಗುಳ, ಅಲ್ವಾ? ಸತ್ತವರನ್ನು ಬೈದ ಹಾಗಾಗುತ್ತದೆ. ವಾರಸುದಾರರಿಲ್ಲದ ಶವ ಅಂದರೆ ಸಾಕು.

ಇನ್ನು ಬಳಕೆ. ಬ್ರಿಟಿಷರ ರೂಢಿ ಮಾರ್ಚುರಿ, ಅಮೆರಿಕದವರದು ಮಾರ್ಗ್. ನಮ್ಮ ದೇಶದ ಆಸ್ಪತ್ರೆಗಳು ಬ್ರಿಟಿಷ್ ಪದವನ್ನು ಉಳಿಸಿಕೊಂಡವು, ಇಂಗ್ಲಿಷ್ ಪತ್ರಿಕೆಗಳು ಎರಡನ್ನೂ ಬಳಸುತ್ತವೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತ ನಮ್ಮವರ ಬಾಯಲ್ಲಿ ‘ಮಾರ್ಚರಿ’. ಬರಹದಲ್ಲಿ ಶವಾಗಾರ. ನನ್ನ ಲೆಕ್ಕದಲ್ಲಿ ಎರಡೂ ಇಂಗ್ಲಿಷ್ ಪದಗಳಿಗೆ ಶವಾಗಾರವೇ ಸರಿ. ಪಾತ್ರ ಮಾತಾಡುವಾಗ ಮಾತ್ರ ಮಾರ್ಚರಿ ಇರಲಿ. ‘ಶವಪರೀಕ್ಷೆ ಕೊಠಡಿ’ ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹೆಣ ಕಾಯ್ದಿಡುವುದು ಒಂದು ಕೆಲಸ, ಕೊಯ್ದು ನೋಡುವುದು ಇನ್ನೊಂದು. ಎರಡೂ ಒಂದೇ ಕಟ್ಟಡದಲ್ಲಿ ಇದ್ದರೂ ಅಷ್ಟೇ. ಮಾರ್ಗ್‌ನಂಥ ಮೌನ ಅಂತ ಬಂದಾಗ ಶವಾಗಾರವನ್ನೂ ಬಿಟ್ಟುಬಿಡಿ. ಅಲ್ಲಿಗೆ ನಮ್ಮ ಸ್ಮಶಾನಮೌನ ಇದೆ.

ಈಗ ನನ್ನ ನಿಜವಾದ ತೊಡಕು. ಪತ್ರಿಕಾ ಕಚೇರಿಯಲ್ಲಿ ಹಳೆಯ ಸುದ್ದಿ ತುಣುಕು, ಫೋಟೋ ಜೋಡಿಸಿಡುವ ಕೋಣೆಗೂ ಇಂಗ್ಲಿಷಿನಲ್ಲಿ ಮಾರ್ಗ್ ಅನ್ನುತ್ತಾರೆ. ಕತೆಯ ವರದಿಗಾರ ಒಮ್ಮೆ ಆ ಮಾರ್ಗ್‌ಗೆ, ಒಮ್ಮೆ ಈ ಮಾರ್ಗ್‌ಗೆ ಓಡುತ್ತಾನೆ. ಲೇಖಕರು ಬೇಕೆಂದೇ ಆಡಿದ ಆಟ ಅದು. ದಾಖಲೆ ಕೋಣೆ ಅಂದರೆ ಆಟ ಹೋಯಿತು. ‘ಸುದ್ದಿಗಳ ಶವಾಗಾರ’ ಅಂದರೆ ಜಾಸ್ತಿಯಾಯಿತು. ಕನ್ನಡ ಪತ್ರಿಕೆಗಳಲ್ಲಿ ದುಡಿದವರು ಇದ್ದರೆ ಹೇಳಿ: ಆ ಕೋಣೆಗೆ ನೀವು ನಿಮ್ಮನಿಮ್ಮಲ್ಲಿ ತಮಾಷೆಗೆ ಇಟ್ಟುಕೊಂಡಿದ್ದ ಹೆಸರೇನಾದರೂ ಇತ್ತಾ?