ಕೆರೆಯಲ್ಲಿ ವಿಂಡ್‌ಸರ್ಫಿಂಗ್ ಕಲಿತಿದ್ದೇನೆ, ಕಡಲಿಗೆ ಇಳಿಯುವ ಮುಂಚೆ ಏನು ತಿಳಿದಿರಬೇಕು?

ಹೊಸ ಹಾಯಿ:

ಎಲ್ಲರಿಗೂ ನಮಸ್ಕಾರ. ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಲ್ಲಿ ಸಾಗುವ ಆಟ, ನಾನು ಕಲಿತದ್ದು ಪೂರ್ತಿ ಕೆರೆಯಲ್ಲೇ. ಹಾಯಿ ಎತ್ತಿ ನಿಲ್ಲುವುದು, ಟ್ಯಾಕ್ ಮಾಡುವುದು (ಬೋರ್ಡಿನ ಮೂತಿಯನ್ನು ಗಾಳಿಗೆ ಎದುರಾಗಿ ಹಾಯಿಸಿ ತಿರುಗುವುದು), ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗಿ ಹೊರಟ ಜಾಗಕ್ಕೇ ಮರಳುವುದು ಬರುತ್ತದೆ. ಜೈಬ್ ಮಾಡಲು (ಗಾಳಿಗೆ ಬೆನ್ನು ಹಾಕಿ ತಿರುಗಲು) ಹೋದರೆ ಅರ್ಧಕ್ಕರ್ಧ ಸಲ ನೀರಿಗೆ ಬೀಳುತ್ತೇನೆ. ಹಾರ್ನೆಸ್ (ಹಾಯಿಯ ಎಳೆತವನ್ನು ಮೈ ಹೊರುವಂತೆ, ಕೊಕ್ಕೆಯಿಂದ ಹಾಯಿಯ ಹಗ್ಗಕ್ಕೆ ಸಿಕ್ಕಿಸುವ ಸೊಂಟಪಟ್ಟಿ) ಈಗಷ್ಟೇ ಶುರು ಮಾಡಿದ್ದೇನೆ. ಬೋರ್ಡಿನ ಗಾತ್ರ 150 ಲೀಟರ್, ಹಾಯಿ 5.5 ಚದರ ಮೀಟರ್.

ನಾನು ನೋಡಿಟ್ಟಿರುವ ತೀರದಲ್ಲಿ ಬೆಳಿಗ್ಗೆ ಗಾಳಿ ದಡದಿಂದ ಕಡಲಿನ ಕಡೆಗೆ ಬೀಸುತ್ತದೆ. ಆಗ ನೀರು ಸಪಾಟಾಗಿರುತ್ತದೆ. ಮಧ್ಯಾಹ್ನ ಗಾಳಿ ತಿರುಗಿ ಅಲೆ ಏಳುತ್ತದೆ. ಹೊಸಬನಿಗೆ ಬೆಳಿಗ್ಗೆಯೇ ವಾಸಿ ಅಲ್ವಾ? ಆ್ಯಪ್‌ನಲ್ಲಿ 12 ನಾಟ್ (ಗಂಟೆಗೆ ಸುಮಾರು 22 ಕಿಲೋಮೀಟರ್) ಅಂತ ತೋರಿಸಿದರೆ ನಂಬಿ ಹೋಗಬಹುದಾ? ದಡದಿಂದ ದೂರ ಹೋದಾಗ ಏನಾದರೂ ಮುರಿದರೆ ಏನು ಮಾಡುವುದು?

ಗಾಳಿಮುಖ:

ಬೆಳಿಗ್ಗೆ ಬೇಡ. ಉಳಿದದ್ದು ಆಮೇಲೆ, ಮೊದಲು ಇದನ್ನು ಕೇಳಿ.

ದಡದ ಹತ್ತಿರ ನೀರು ಸಪಾಟಾಗಿರುವುದು ಗಾಳಿ ಮೃದುವಾಗಿದೆ ಅಂತಲ್ಲ. ಅಲೆ ಎಬ್ಬಿಸಲು ಗಾಳಿ ನೀರಿನ ಮೇಲೆ ಸ್ವಲ್ಪ ದೂರ ಓಡಬೇಕು. ದಡದ ಪಕ್ಕದಲ್ಲಿ ಅದಕ್ಕೆ ಇನ್ನೂ ಜಾಗ ಸಿಕ್ಕಿರುವುದಿಲ್ಲ. ಜೊತೆಗೆ ನೀವು ನಿಂತು ನೋಡುವುದು ಮರ, ಕಟ್ಟಡ, ಗುಡ್ಡದ ಮರೆಯಲ್ಲಿ. ಮುನ್ನೂರು, ನಾನೂರು ಮೀಟರ್ ಆಚೆ ಹೋದರೆ ಮರೆ ಮುಗಿಯುತ್ತದೆ, ಗಾಳಿ ಜೋರಾಗುತ್ತದೆ, ಅಲೆಯೂ ಎದ್ದಿರುತ್ತದೆ. ಹೋಗುವುದಕ್ಕೆ ಏನೂ ಕಷ್ಟವಿಲ್ಲ. ತಿರುಗಿ ಬರುವಾಗ ಪೂರ್ತಿ ಎದುರುಗಾಳಿ. ಬಿದ್ದು ಎದ್ದು ಹಾಯಿ ಎತ್ತುವಷ್ಟರಲ್ಲಿ ಇನ್ನಷ್ಟು ಒಳಗೆ ಸರಿದಿರುತ್ತೀರಿ. ಕೆರೆಯಲ್ಲಾದರೆ ತೇಲಿಕೊಂಡು ಹೋಗಿ ಆಚೆ ದಡ ಹತ್ತಬಹುದು, ನಡೆದುಕೊಂಡು ಬಂದರಾಯಿತು. ಇಲ್ಲಿ ಆಚೆ ದಡ ಅನ್ನುವುದೇ ಇಲ್ಲ.

ಹೊಸಬರು ಗಾಳಿಯ ವೇಗಕ್ಕೆ ಹೆದರುತ್ತಾರೆ, ದಿಕ್ಕನ್ನು ಮರೆಯುತ್ತಾರೆ. ನನ್ನನ್ನು ಕೇಳಿದರೆ ದಡದ ಕಡೆಗೆ ಓರೆಯಾಗಿ ಬೀಸುವ 16 ನಾಟ್ ಗಾಳಿಯನ್ನಾದರೂ ಒಪ್ಪುತ್ತೇನೆ, ಕಡಲಿನ ಕಡೆಗೆ ಎಳೆಯುವ 8 ನಾಟ್ ಗಾಳಿಯನ್ನು ಒಪ್ಪುವುದಿಲ್ಲ. ನಿಮಗೆ ಬೇಕಾದದ್ದು ದಡದ ಉದ್ದಕ್ಕೆ ಬೀಸುವ ಗಾಳಿ, ಅದರಲ್ಲೂ ಸ್ವಲ್ಪ ದಡದ ಕಡೆಗೆ ವಾಲಿದ್ದು. ನೇರವಾಗಿ ದಡಕ್ಕೇ ಬೀಸುವ ಗಾಳಿಯಲ್ಲಿ ಕಳೆದುಹೋಗುವ ಭಯವಿಲ್ಲ, ಆದರೆ ಅಲೆ ಒಡೆಯುವ ಜಾಗ ದಾಟುವುದೇ ಆಗುವುದಿಲ್ಲ. ಮಾಸ್ಟ್‌ಗಳು, ಅಂದರೆ ಹಾಯಿಯ ಕಂಬಗಳು, ಜಾಸ್ತಿ ಮುರಿಯುವುದೂ ಅಲ್ಲೇ, ಮೊಣಕಾಲುದ್ದದ ನೀರಿನಲ್ಲಿ, ತುದಿ ಮರಳಿಗೆ ಚುಚ್ಚಿ.

ನೀವು ಹೇಳಿದ ಮಧ್ಯಾಹ್ನದ ಗಾಳಿ ಕಡಲಗಾಳಿ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ಕಡೆಯಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ ಹೊತ್ತೇರಿದ ಮೇಲೆ ಶುರುವಾಗಿ ಮಧ್ಯಾಹ್ನ ಬಲವಾಗುತ್ತದೆ, ಸಂಜೆಗೆ ಸಾಯುತ್ತದೆ. ಸಾಯುವ ಹೊತ್ತಿಗೆ ನೀವು ದಡದ ಹತ್ತಿರ ಇರಬೇಕು. ಗಾಳಿಯಿಲ್ಲದ ಹಾಯಿಯನ್ನು ಹಿಡಿದು ಕತ್ತಲಾಗುವಾಗ ಕಡಲ ಮಧ್ಯೆ ನಿಲ್ಲುವುದು ಯಾರಿಗೂ ಬೇಡ. ಮೋಡ ಮುಚ್ಚಿದ ದಿನ ಈ ಗಾಳಿ ಬರದೇ ಹೋಗಬಹುದು.

ಆ್ಯಪ್ ತೋರಿಸುವ 12 ನಾಟ್ ಸರಾಸರಿ. ಪಕ್ಕದಲ್ಲೇ ರಭಸದ ಗಾಳಿಯ ಇನ್ನೊಂದು ಅಂಕಿ ಇರುತ್ತದೆ, ಅದನ್ನು ನೋಡಿ. ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. 10ರಲ್ಲಿ ಆರಾಮಾಗಿ ನಿಂತವರು 20ರಲ್ಲಿ ಹಾರಿ ಬೀಳುವುದು ಅದಕ್ಕೇ. ತೀರಕ್ಕೆ ಹೋದ ಮೇಲೆ ನೀರನ್ನೇ ನೋಡಿ. ಅಲ್ಲಲ್ಲಿ ಬಿಳಿ ನೊರೆ ಕಂಡರೆ ಸುಮಾರು 10 ನಾಟ್. ಎಲ್ಲಿ ನೋಡಿದರೂ ನೊರೆ, ಜೊತೆಗೆ ನೀರಿನ ಹನಿ ಹಾರುತ್ತಿದ್ದರೆ 17 ದಾಟಿದೆ ಅಂತ ಲೆಕ್ಕ. ಆವತ್ತು ನಿಮ್ಮ 5.5 ಹಾಯಿಯನ್ನು ಹೊರತೆಗೆಯಲೇಬೇಡಿ, ಕೂತು ಬೇರೆಯವರನ್ನು ನೋಡಿ.

ಇನ್ನು ಕೆರೆಯಲ್ಲಿ ಇಲ್ಲದ್ದು ಉಬ್ಬರವಿಳಿತ. ಹೆಚ್ಚಿನ ಕಡೆ ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ನೀರು ಒಂದೇ ಸಮ ಹರಿಯುವುದಿಲ್ಲ. ಮೊದಲ ಗಂಟೆ ಮೆಲ್ಲಗೆ, ನಡುವಿನ ಎರಡು ಗಂಟೆಯಲ್ಲೇ ಸುಮಾರು ಅರ್ಧ ನೀರು ಸರಿಯುತ್ತದೆ. ಸೆಳೆತ ಜಾಸ್ತಿ ಇರುವುದು ಆಗಲೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇನ್ನೂ ಜೋರು. ನೀರು ಒಂದು ಕಡೆ, ಗಾಳಿ ಅದಕ್ಕೆ ಎದುರು ಕಡೆ ಆದರೆ ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೊಂದು ಏಳುತ್ತದೆ. ಬೋರ್ಡ್ ನಿಲ್ಲುವುದಿಲ್ಲ. ನದಿ ಕಡಲು ಸೇರುವ ಜಾಗಕ್ಕೆ ಇಳಿತದ ಹೊತ್ತಿನಲ್ಲಿ ಹೋಗಲೇಬೇಡಿ. ಅಲ್ಲಿ ನದಿಯ ನೀರೂ ಇಳಿತವೂ ಸೇರಿ ಹೊರಗೆ ಎಳೆಯುತ್ತವೆ.

ನೀರಿಗಿಳಿಯುವ ಮುಂಚೆ ದಡದ ಮೇಲೆ ಎರಡು ಗುರುತು ಹಿಡಿಯಿರಿ, ಒಂದರ ಹಿಂದೆ ಒಂದು ಕಾಣುವಂಥವು. ಮುಂದೆ ಕಂಬ, ಹಿಂದೆ ಒಂದು ಮರ, ಹೀಗೆ. ನೀರಿನಿಂದ ನೋಡುವಾಗ ಅವೆರಡೂ ಪಕ್ಕಕ್ಕೆ ಸರಿದರೆ ನೀವು ಸರಿಯುತ್ತಿದ್ದೀರಿ. ಇದು ಯಾವ ಆ್ಯಪ್‌ಗಿಂತ ಬೇಗ ಗೊತ್ತಾಗುತ್ತದೆ.

ಬೂಮ್ ಬಸಣ್ಣ:

ಗಾಳಿಯ ಬಗ್ಗೆ ಮೇಲಿನವರು ಹೇಳಿದ್ದೇ ಸಾಕು. ನಾನು ಸಾಮಾನಿನ ಬಗ್ಗೆ ಹೇಳುತ್ತೇನೆ, ನನಗೆ ಅದರದ್ದೇ ಹುಚ್ಚು.

ಮಾಸ್ಟ್ ಬೋರ್ಡಿಗೆ ಸೇರುವಲ್ಲಿ ಬಾಗುವ ಒಂದು ತುಂಡು ಇದೆಯಲ್ಲ, ಯುನಿವರ್ಸಲ್ ಜಾಯಿಂಟ್, ಹೆಚ್ಚಿನ ತಲೆನೋವು ಅದರದ್ದೇ. ಒಳಗಿನ ರಬ್ಬರ್ ಬಿಸಿಲಿಗೆ, ಉಪ್ಪಿಗೆ ಹಳತಾಗುತ್ತದೆ. ಸುಮ್ನೆ ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಎರಡೂ ಕಡೆಗೆ ಪೂರ್ತಿ ಬಗ್ಗಿಸಿ, ಲೋಹಕ್ಕೆ ತಾಗುವ ಅಂಚಿನಲ್ಲಿ ಬಿರುಕು ಇದೆಯಾ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಬದಲಿಸಿ. ಅದು ತುಂಡಾದರೆ ಹಿಡಿದುಕೊಳ್ಳಲು ಪಕ್ಕದಲ್ಲಿ ಪಟ್ಟಿ ಇರುತ್ತದೆ, ಅದನ್ನೂ ಎಳೆದು ನೋಡಿ.

ಒಂದು ವೇಳೆ ಪಟ್ಟಿಯೂ ಹೋಗಿ ಹಾಯಿ ಒಂದು ಕಡೆ, ಬೋರ್ಡ್ ಒಂದು ಕಡೆ ಆದರೆ ಮೊದಲು ಬೋರ್ಡ್ ಹಿಡಿಯಿರಿ. ಹಾಯಿ ನೀರಿನಲ್ಲಿ ಮುಳುಗಿದಂತೆ ಬಿದ್ದಿರುತ್ತದೆ, ಬೇಗ ಎಲ್ಲೂ ಹೋಗುವುದಿಲ್ಲ. ಖಾಲಿ ಬೋರ್ಡ್ ಗಾಳಿಗೆ ಓಡುತ್ತದೆ. ಈಜಿ ಹಿಡಿಯುತ್ತೇನೆ ಅಂದುಕೊಳ್ಳಬೇಡಿ.

4 ಮಿಲಿಮೀಟರ್ ದಪ್ಪದ ಹಗ್ಗ ಒಂದೆರಡು ಮೀಟರ್ ಸೊಂಟಕ್ಕೆ ಸುತ್ತಿಕೊಂಡಿರಿ. ಕಿತ್ತುಹೋದ ಡೌನ್‌ಹಾಲ್‌ಗೆ (ಹಾಯಿಯನ್ನು ಕೆಳಕ್ಕೆ ಬಿಗಿಯುವ ಹಗ್ಗ), ಮುರಿದ ಬೂಮ್‌ಗೆ (ಹಾಯಿಯನ್ನು ಹಿಡಿದುಕೊಳ್ಳುವ ಅಡ್ಡಕೋಲು), ಇನ್ನೊಬ್ಬರು ಎಳೆದುಕೊಂಡು ಹೋಗುವುದಕ್ಕೆ, ಎಲ್ಲಕ್ಕೂ ಆಗುತ್ತದೆ. ಬಲೆ ಹಾಕುವ ಕಡೆ ಸಣ್ಣ ಚಾಕು ಕೂಡ ಇರಲಿ. ನೀರಿನ ಮೇಲೆ ಸಾಲಾಗಿ ಬೆಂಡು ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತ ಅರ್ಥ. ಬೋರ್ಡಿನ ಕೆಳಗಿನ ರೆಕ್ಕೆ, ಅಂದರೆ ಫಿನ್, ಅದರಲ್ಲಿ ಸಿಕ್ಕಿಕೊಂಡರೆ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ನೀವು ಮುಂದಕ್ಕೆ ಹಾರುತ್ತೀರಿ. ಇಳಿತದಲ್ಲಿ ಮರಳದಿಬ್ಬ ಮೇಲೆ ಬಂದಾಗಲೂ ಇದೇ ಕಥೆ.

ಉಪ್ಪುನೀರು:

ಮುರಿದರೆ ಏನು ಮಾಡುವುದು ಅಂತ ಕೇಳಿದ್ದೀರಿ. ಯಾವ ಕಾರಣಕ್ಕೂ ಬೋರ್ಡ್ ಬಿಟ್ಟು ದಡಕ್ಕೆ ಈಜಬೇಡಿ. ದಡ ಹತ್ತಿರ ಕಾಣುತ್ತದೆ, ಇರುವುದಿಲ್ಲ. ಅಲೆಗಳ ನಡುವೆ ಒಂದು ತಲೆಯನ್ನು ಹುಡುಕುವುದು ಬಹಳ ಕಷ್ಟ, ಬೋರ್ಡ್ ದೂರದಿಂದಲೇ ಕಾಣುತ್ತದೆ.

ದಡ ಹತ್ತಿರವಿದ್ದರೆ ಏನನ್ನೂ ಬಿಚ್ಚಬೇಡಿ. ಬೂಮನ್ನು ಬೋರ್ಡಿನ ಹಿಂಭಾಗದ ಮೇಲೆ ಒರಗಿಸಿ, ಹಾಯಿ ನೀರಿಗೆ ತಾಗದಂತೆ ಇಟ್ಟು, ಬೋರಲು ಮಲಗಿ ಕೈಯಿಂದ ಹುಟ್ಟು ಹಾಕಿ. ದೂರವಿದ್ದರೆ ಔಟ್‌ಹಾಲ್ (ಹಾಯಿಯನ್ನು ಬೂಮಿನ ತುದಿಗೆ ಬಿಗಿಯುವ ಹಗ್ಗ), ಡೌನ್‌ಹಾಲ್ ಸಡಿಲ ಮಾಡಿ, ಬೂಮ್ ಬಿಚ್ಚಿ, ಹಾಯಿಯನ್ನು ಚಾಪೆ ಸುತ್ತಿದ ಹಾಗೆ ಮಾಸ್ಟ್‌ಗೆ ಸುತ್ತಿ ಕಟ್ಟಿ. ಅದನ್ನು ಬೋರ್ಡಿನ ಉದ್ದಕ್ಕೆ ಇಟ್ಟು ಅದರ ಮೇಲೆ ಮಲಗಿ. ಓದುವುದಕ್ಕೆ ಸುಲಭ. ಅಲೆಯಲ್ಲಿ, ಚಳಿಗೆ ಬೆರಳು ಮರಗಟ್ಟಿದಾಗ ಮಾಡುವುದು ಬೇರೆ ಮಾತು. ಅದಕ್ಕೇ ಕೆರೆಯಲ್ಲೇ, ಕಾಲು ನಿಲುಕದ ನೀರಿನಲ್ಲಿ ಅಭ್ಯಾಸ ಮಾಡಿ. ಸೆಳೆತ ಇದ್ದರೆ ಅದಕ್ಕೆ ಎದುರಾಗಿ ಹೋಗಬೇಡಿ, ಅಡ್ಡಲಾಗಿ ಹೋಗಿ. ಕೈಯಲ್ಲಿ ಆಗುತ್ತಿಲ್ಲ ಅನ್ನಿಸಿದರೆ ಹಾಯಿಯನ್ನು ನೀರಿಗೆ ಬಿಟ್ಟುಬಿಡಿ. ಹಾಯಿ ಇನ್ನೊಂದು ಕೊಳ್ಳಬಹುದು.

ಸಹಾಯ ಬೇಕಾದಾಗ ಬೋರ್ಡಿನ ಮೇಲೆ ಕೂತು ಎರಡೂ ತೋಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ, ಕೆಳಗೆ ಆಡಿಸಿ. ಇದು ಎಲ್ಲ ದೇಶದ ನಾವಿಕರಿಗೂ ಗೊತ್ತಿರುವ ಸಂಕೇತ. ಒಂದೇ ಕೈ ಬೀಸಿದರೆ ಎದುರಿನವರೂ ಖುಷಿಯಾಗಿ ಕೈ ಬೀಸಿ ಹೋಗಿಬಿಡುತ್ತಾರೆ. ಸೀಟಿ ಇರಲಿ. ನೀರು ನುಗ್ಗದ ಚೀಲದಲ್ಲಿ ಮೊಬೈಲ್ ಇರಲಿ, ಅದನ್ನು ಮೈಗೆ ಕಟ್ಟಿಕೊಳ್ಳಿ, ಬೋರ್ಡಿಗಲ್ಲ. ಹಡಗು, ದೋಣಿಗಳವರು ಬಳಸುವ, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ ಇದ್ದರೆ ತುರ್ತು ಕರೆಗೆ ಚಾನೆಲ್ 16. ಎಲ್ಲಕ್ಕಿಂತ ಮುಖ್ಯ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ದಡದಲ್ಲಿ ಒಬ್ಬರಿಗೆ ಗೊತ್ತಿರಬೇಕು.

ಹೊಸ ಹಾಯಿ:

ತುಂಬಾ ಧನ್ಯವಾದ. ಬೆಳಗಿನ ಯೋಚನೆ ಬಿಟ್ಟೆ. ಇನ್ನೊಂದು ಭಯ ಇದೆ, ನಗಬೇಡಿ. ಹಾರ್ನೆಸ್ ಕೊಕ್ಕೆ ಸಿಕ್ಕಿಕೊಂಡಿರುವಾಗಲೇ ಹಾಯಿ ನನ್ನ ಮೇಲೆ ಬಿದ್ದರೆ?

ಗಾಳಿಮುಖ:

ನಗುವುದೇನಿದೆ, ಎಲ್ಲರಿಗೂ ಇರುವ ಭಯವೇ. ಹಾಯಿ ನೀರಿಗೆ ಅಂಟಿದ ಹಾಗೆ ಕೂತಿರುತ್ತದೆ. ಒಂದು ಕೈಯಿಂದ ಮೇಲಕ್ಕೆ ತಳ್ಳಿದರೆ ಗಾಳಿ ಒಳಗೆ ಬರುತ್ತದೆ, ಉಸಿರಾಡಬಹುದು. ಆಮೇಲೆ ಬೂಮನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಹಗ್ಗ ಸಡಿಲವಾಗಿ ಕೊಕ್ಕೆಯಿಂದ ಜಾರುತ್ತದೆ. ಜಾರದಿದ್ದರೆ ಬೀಳುವಾಗ ನೀವು ಒಂದು ಸುತ್ತು ಉರುಳಿದ್ದೀರಿ, ಹಗ್ಗ ತಿರುಚಿಕೊಂಡಿದೆ. ಉರುಳಿದ್ದಕ್ಕೆ ವಿರುದ್ಧ ದಿಕ್ಕಿಗೆ ಹೊರಳಿ. ಆಗಲೂ ಬಿಡದಿದ್ದರೆ ಹಾರ್ನೆಸ್‌ನ ಬಕಲ್ಲನ್ನೇ ಬಿಚ್ಚಿ. ಬಿಡಿಸಿಕೊಂಡ ಮೇಲೆ ಮಾಸ್ಟ್ ಅಥವಾ ಬೂಮ್ ಹಿಡಿದು ಅದರ ಉದ್ದಕ್ಕೇ ಸರಿದರೆ ಹಾಯಿಯ ಅಂಚು ಸಿಗುತ್ತದೆ. ಸೊಂಟದುದ್ದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಬೇಕೆಂದೇ ಬಿದ್ದು ನೋಡಿ. ಭಯ ಅರ್ಧ ಅಲ್ಲೇ ಇಳಿಯುತ್ತದೆ.

ಮುಂದಕ್ಕೆ ಹಾರಿ ಬೀಳುವಾಗ ಬೂಮ್ ಬಿಡಬೇಡಿ. ಬಿಟ್ಟರೆ ತಲೆ ಮಾಸ್ಟ್‌ಗೋ ಬೋರ್ಡಿನ ಮೂತಿಗೋ ಬಡಿಯುತ್ತದೆ. ಕೈ ಚಾಚಿಕೊಂಡೇ ಬಿದ್ದರೆ ಅಷ್ಟು ಅಂತರ ಉಳಿಯುತ್ತದೆ. ಹೆಲ್ಮೆಟ್ ಹಾಕಿ. ತೇಲುಜಾಕೆಟ್ ಕೂಡ.

ಎದುರಿಗೆ ಇನ್ನೊಬ್ಬರು ಬಂದರೆ: ಯಾರ ಬಲಗೈ ಮಾಸ್ಟ್ ಕಡೆಗಿದೆಯೋ ಅವರಿಗೆ ದಾರಿ. ಇಬ್ಬರೂ ಒಂದೇ ಕಡೆ ಹೋಗುತ್ತಿದ್ದರೆ ಗಾಳಿಯ ಕಡೆಗಿರುವವರು ದಾರಿ ಬಿಡಬೇಕು. ಈಜುವವರು ಇದ್ದಲ್ಲಿ ಈ ನಿಯಮ ಎಲ್ಲ ಮಡಿಸಿಟ್ಟು ದೂರ ಹೋಗಿ, ನಿಮ್ಮ ಫಿನ್ ಅವರಿಗೆ ಕತ್ತಿಯೇ.

ಬೂಮ್ ಬಸಣ್ಣ:

ಎರಡು ಮಾತು ಬಿಟ್ಟುಹೋಗಿತ್ತು. ಹಾಯಿ ಕಟ್ಟುವ ಜಾಗದ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ, ಕಾರ್ಬನ್ ಮಾಸ್ಟ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದರೂ ಅಷ್ಟೇ, ಕೂಡಲೇ ದಡಕ್ಕೆ ಬನ್ನಿ, ಮಾಸ್ಟ್ ಮಲಗಿಸಿ ದೂರ ಹೋಗಿ.

ಬೋರ್ಡಿನಲ್ಲಿ ಗಾಳಿ ಬಿಡುವ ಸಣ್ಣ ಸ್ಕ್ರೂ ಇರುತ್ತದೆ. ಸಾಗಿಸುವಾಗ ಸಡಿಲ ಮಾಡಿದವರು ಬಿಗಿ ಮಾಡುವುದನ್ನು ಮರೆಯುತ್ತಾರೆ, ಬೋರ್ಡ್ ನೀರು ಕುಡಿದು ಭಾರವಾಗುತ್ತದೆ. ಹೊರಡುವ ಮುಂಚೆ ಒಮ್ಮೆ ಅದನ್ನು ತಿರುಗಿಸಿ ನೋಡಿ.